ಕೈ ಹಿಡಿಯುವ ಮುನ್ನ

ಸಂತೆಯ ಕುಣಿತಕ್ಕೆ ಕೈ ಚಾಚುವ ಮುನ್ನ ಸಿರಿಹಾಂಗ್, ನೇಪಾಳದ ಬೆಟ್ಟಗಳ ಎಲ್ಲ ಲಿಂಬು ಜನಾಂಗದ ಹುಡುಗರಂತೆ, ಕುಲ ಕೇಳಿದ. ಇಕ್ಸಾ ನೆಲ ನೋಡುತ್ತಾ ನೆಂಬಾಂಗ್ ಎಂದಳು. ಹಸಿ ಸುಳ್ಳು. ಅವಳು ಫಾಗೋ ಕುಲದವಳು. ಅವನೂ ಫಾಗೋ ಎಂಬುದು ಅವನ ಗೆಳೆಯರ ಕೂಗಾಟದಿಂದ ಆಗಲೇ ಗೊತ್ತಾಗಿತ್ತು. ಒಂದೇ ಕುಲವೆಂದರೆ ಅಣ್ಣ ತಂಗಿ. ಸಂತೆಯ ಕುಣಿತದಲ್ಲೂ ಕೈ ಹಿಡಿಯುವಂತಿಲ್ಲ.

ಆದರೆ ಬೆಳಗಿನಿಂದ ಅವನ ಹಾಡು ಕೇಳುತ್ತಾ ನಿಂತವಳಿಗೆ ಅಷ್ಟೊಂದು ಬುದ್ಧಿ ಎಲ್ಲಿಂದ ಬರಬೇಕು? ಹೊಳೆಯಾಚೆಯಿಂದ ಹಂದಿಮರಿ ಕೊಳ್ಳಲು ಬಂದವರು ತಾನೂ ಅಪ್ಪನೂ, ಇಲ್ಲಿ ತಮ್ಮನ್ನು ಬಲ್ಲವರು ಯಾರಿದ್ದಾರೆ ಎಂದುಕೊಂಡಳು. ಇಬ್ಬರೂ ಸಾಲಿಗೆ ಸೇರಿ, ಕೈಗೆ ಕೈ ಹೆಣೆದು, ಭತ್ತ ತುಳಿಯುವ ಹಾಗೆ ನಿಧಾನವಾಗಿ ಹೆಜ್ಜೆ ಹಾಕಿದರು.

ಹಾಡು ಮುಗಿಯುವಷ್ಟರಲ್ಲಿ ಸಿರಿಹಾಂಗನ ಅಜ್ಜಿ ಅಡ್ಡ ಬಂದಳು.

"ಈ ಮೂಗು ನಮ್ಮನೇದಲ್ವೇನೋ? ಕುಲ ಕೇಳ್ದ್ಯೋ, ಮುಖ ನೋಡಿ ಮರೆತ್ಯೋ?"

"ಕೇಳ್ದೆ ಅಜ್ಜಿ. ನೆಂಬಾಂಗ್ ಅಂತೆ."

ಅಜ್ಜಿಗೆ ಸಮಾಧಾನವಾಗಲಿಲ್ಲ. ಹುಡುಗಿಯ ಜೊತೆ ಬಂದವರು ಯಾರೆಂದು ವಿಚಾರಿಸಿ, ಇಬ್ಬರನ್ನೂ ಕರೆದುಕೊಂಡು ರಾಗಿ ಹೆಂಡದ ಅಂಗಡಿಯ ಮುಂದೆ ಕೂತಿದ್ದ ಹರ್ಕಧೋಜನ ಬಳಿಗೆ ಹೋದಳು. ಇಕ್ಸಾಳ ಅಪ್ಪ. ಕುಡಿಯುವ ಮೊದಲು ಪ್ರತಿ ಸಲವೂ ಬೆರಳದ್ದಿ, ಫಾಗೋ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು, ಅವರ ಪಾಲು ನೆಲಕ್ಕೆ ಚಿಮುಕಿಸುವ ಮನುಷ್ಯ. ಕಾದು ಕಾದು ಜೊತೆಗಾರರಿಗೆ ಸಾಕಾಗುತ್ತಿತ್ತು, ಆದರೂ ಅವನು ಒಬ್ಬರನ್ನೂ ಬಿಟ್ಟವನಲ್ಲ.

"ನಾವು ಫಾಗೋ ಕುಲದೋರು. ನೀವು ನೆಂಬಾಂಗ್ ಕುಲದೋರಂತೆ, ಹೌದೇನಪ್ಪಾ?"

ಹರ್ಕಧೋಜ್ ಮಗಳನ್ನು ನೋಡಿದ. ಅವಳ ಕೈ ಇನ್ನೂ ಆ ಹುಡುಗನ ಕೈಯಲ್ಲೇ ಇತ್ತು. ಅಲ್ಲವೆಂದರೆ, ಅಣ್ಣನ ಕೈ ಹಿಡಿದು ಕುಣಿದವಳೆಂಬ ಮಾತು ಅವಳು ಸಾಯುವವರೆಗೂ ಬೆನ್ನು ಬಿಡದು. ಸುತ್ತ ನಿಂತವರೆಲ್ಲ ಕಿವಿ ನಿಮಿರಿಸಿದ್ದರು.

"ಹೌದಮ್ಮ, ನೆಂಬಾಂಗೇ," ಎಂದ.

ಅಜ್ಜಿ ನಕ್ಕು, ಹಾಗಾದರೆ ಕುಣಿಯಿರಿ ಎಂದು ಹೊರಟುಹೋದಳು. ಸಿರಿಹಾಂಗ್ ಮತ್ತೆ ಕರೆದ. ಇಕ್ಸಾ ಕೈ ಬಿಡಿಸಿಕೊಂಡು, ತಲೆನೋವೆಂದು ಹೇಳಿ ಅಪ್ಪನ ಪಕ್ಕ ಕೂತಳು. ನಾಚಿಕೆಯಿಂದ ಹಿಡಿಯಷ್ಟಾಗಿದ್ದಳು. ಎರಡು ಏಟು ಕೊಟ್ಟಿದ್ದರೂ ಎಷ್ಟೋ ಹಗುರಾಗುತ್ತಿತ್ತು. ಅಪ್ಪ ಬೈಯಲೂ ಇಲ್ಲ.

ಅಂಗಡಿಯಾಕೆ ಅವನ ಮರದ ಪಾತ್ರೆಯಲ್ಲಿದ್ದ ಹುದುಗಿದ ರಾಗಿಗೆ, ಮತ್ತೆ ಹೆಂಡ ಇಳಿಯಲೆಂದು, ಹೊಸದಾಗಿ ಬಿಸಿನೀರು ಹೊಯ್ದು ಹೋದಳು. ಅಪ್ಪ ಅಭ್ಯಾಸದಂತೆ ಬೆರಳದ್ದಿದ, ಮೊದಲ ಹಿರಿಯನ ಹೆಸರಿಗೆ ಬಾಯಿ ತೆರೆದ, ಅಲ್ಲೇ ತಡೆದ. ಬೆರಳ ತುದಿಯ ಹನಿ ಅವನ ಮೊಣಕಾಲ ಮೇಲೆ ಬಿತ್ತು.

"ಈಗ ಯಾರನ್ನ ಕರೀಲಿ, ಮಗಳೇ?" ಎಂದು ಮೆಲ್ಲಗೆ ಕೇಳಿದ.