ಹಳೆ ಬಟ್ಟೆಯ ಚೀವರ

“ನೀನು ಒಪ್ಪಿದ್ರೆ ಮಾತ್ರ ಸೇರಿಸ್ಕೊಳ್ತಾರಂತೆ ಕಣೇ,” ಎಂದು ಗಂಡ ಹೇಳಿದಾಗ ಆಕೆ ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಹೊಲಿಗೆ ಮೆಷಿನ್ನಿನ ಪೆಡಲ್ ಮೇಲಿದ್ದ ಕಾಲು ನಿಂತಿತು.

ಅವನು ಭಿಕ್ಷುವಾಗುವ ಮಾತು ಹೊಸದೇನಲ್ಲ. ಬಸ್ ಡ್ರೈವರಾಗಿದ್ದಾಗಲೂ ರಜೆ ಸಿಕ್ಕಾಗಲೆಲ್ಲ ಅವನು ಊರಾಚೆಯ ಬೌದ್ಧ ವಿಹಾರಕ್ಕೆ ಹೋಗಿ ಕಣ್ಣು ಮುಚ್ಚಿ ಕೂತು ಬರುತ್ತಿದ್ದ. ಗುಬ್ಬಿ ಹೋದ ಮೇಲೆ ಹತ್ತಿದ ಗೀಳು ಅದು. ಗುಬ್ಬಿ ಅವರ ಮಗ. ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಜ್ವರ ಬಂದದ್ದೇ ನೆಪವಾಯಿತು. ಅಪ್ಪ ಆ ಹೊತ್ತಿನಲ್ಲಿ ಎಲ್ಲೋ ದೂರದ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದ. ಮನೆಗೆ ಬಂದವನು ಅಳಲಿಲ್ಲ. ಅವತ್ತಿನಿಂದ ಮಗನ ಹೆಸರನ್ನು ಬಾಯಿಗೂ ತಂದಿರಲಿಲ್ಲ.

“ಮಗಳ ಮದುವೆ ಆಗ್ಲಿ ಅಂದೆ, ಆಯ್ತು. ರಿಟೈರ್ ಆಗಿ ಅಂದೆ, ಅದೂ ಆಯ್ತು. ಇನ್ನೇನಂತ ನೆಪ ಹೇಳ್ಲಿ ನಾನು?” ಎಂದಳು.

“ನೆಪ ಬೇಡ. ಹೂಂ ಅನ್ನು, ಇಲ್ಲ ಉಹೂಂ ಅನ್ನು.”

“ಅಲ್ಲಿ ಮಧ್ಯಾಹ್ನ ಕಳೆದ್ಮೇಲೆ ಊಟ ಇಲ್ವಂತಲ್ರೀ. ಸಂಜೆಯಾದ್ರೆ ಬೆಕ್ಕಿನ ಹಾಗೆ ಅಡುಗೆಮನೆ ಡಬ್ಬ ತಡಕೋರು ಯಾರೋ!”

ಅವನು ನಕ್ಕ. ಅವಳೂ ನಕ್ಕಳು. ನಗು ಮುಗಿಯುವುದರೊಳಗೆ “ಹೂಂ” ಎಂದುಬಿಟ್ಟು, ಅವನ ಮುಖ ನೋಡದೆ ಮತ್ತೆ ಪೆಡಲ್ ತುಳಿಯತೊಡಗಿದಳು.

ಭಿಕ್ಷು ಹೊದೆಯುವ ಚೀವರ ಅಂಗಡಿಯಲ್ಲೇ ಸಿಗುತ್ತದೆ ಎಂದು ಅವನು ಹೇಳಿದ್ದಕ್ಕೆ, “ಮನೇಲಿ ಟೈಲರ್ ಹೆಂಡ್ತಿ ಇಟ್ಕೊಂಡು ಅಂಗಡಿ ಬಟ್ಟೆನಾ?” ಎಂದು ರೇಗಿ, ಅಳತೆಪಟ್ಟಿ ಹಿಡಿದು ತಾನೇ ವಿಹಾರಕ್ಕೆ ಹೋದಳು. ಅಲ್ಲಿನ ಮುದಿ ಭಂತೇಜಿ ತಮ್ಮ ಚೀವರದ ಅಂಚು ಹರವಿ ತೋರಿಸಿದರು. ಗದ್ದೆಯ ಬದುಗಳಂತೆ ಉದ್ದಕ್ಕೂ ಅಡ್ಡಕ್ಕೂ ಜೋಡಿಸಿದ ತುಂಡುಗಳು.

“ಹಿಂದೆ ಯಾರಿಗೂ ಬೇಡವಾದ ಬಟ್ಟೆ ಆಯ್ದು ಹೊಲೀತಿದ್ರು ತಾಯಿ. ಕಸದಲ್ಲಿ ಬಿದ್ದದ್ದು, ಸತ್ತವರದ್ದು. ಈಗ ಹೊಸ ಬಟ್ಟೇನೇ ತಂದು ಬೇಕಂತ ಕತ್ತರಿಸಿ ಜೋಡಿಸ್ತೀವಿ.”

“ಹಳೇದೇ ಆದ್ರೆ ಆಗುತ್ತಾ?”

“ಇನ್ನೂ ಒಳ್ಳೇದು.”

ಮನೆಗೆ ಬಂದವಳೇ ಟ್ರಂಕು ತೆಗೆದಳು. ಮೊದಲು ಸಿಕ್ಕಿದ್ದು ಅವನ ಖಾಕಿ ಅಂಗಿ; ಬಸ್ಸಿನ ಕಿಟಕಿಯ ಬಿಸಿಲಿಗೆ ಬಲತೋಳು ಮಾತ್ರ ಬಣ್ಣಗೆಟ್ಟಿತ್ತು. ಅದರ ಕೆಳಗೆ ಮಗಳ ಫ್ರಾಕು, ಇಂಕಿನ ಕಲೆಯ ಸಮೇತ. ಮದುವೆಯಾದ ಹೊಸದರಲ್ಲಿ ಹಿಡಿದ ಬಾಡಿಗೆ ಕೋಣೆಯ ಕಿಟಕಿ ಪರದೆ. ಆಗ ಅವಳಿಗೆ ನೆಟ್ಟಗೆ ಹೊಲಿಯಲು ಬರುತ್ತಿರಲಿಲ್ಲ. ಅಂಚು ಹಾವಿನಂತೆ ಹರಿದಾಡಿತ್ತು. “ಗಾಳಿ ಬಂದಾಗ ಹೇಗೂ ಸೊಟ್ಟಗೇ ಆಗುತ್ತಲ್ಲ, ಬಿಡು,” ಎಂದು ಅವನು ಸ್ಟೂಲು ಹತ್ತಿ ಕಟ್ಟಿದ್ದ. ಆ ಕೋಣೆಯಲ್ಲಿ ಇಬ್ಬರಿಗೂ ಒಂದೇ ತಟ್ಟೆ, ಒಂದೇ ದಿಂಬು. ನೆನೆದು ನಗುತ್ತ ನಗುತ್ತಲೇ ಎಲ್ಲವನ್ನೂ ಕತ್ತರಿಸಿದಳು.

ತಳದಲ್ಲಿ ಗುಬ್ಬಿಯ ನೀಲಿ ಅಂಗಿಯಿತ್ತು. ಬೆಳೆಯುವ ಮಗು, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿದರಾಯಿತು ಎಂದು ಅಂಚನ್ನು ಅಗಲವಾಗಿ ಮಡಚಿ ಹೊಲಿದಿದ್ದಳು. ಸಾವಿಲ್ಲದ ಮನೆಯ ಸಾಸಿವೆ ಎಲ್ಲಿ ಸಿಕ್ಕೀತಮ್ಮಾ ಎಂದು ಗುಬ್ಬಿ ಹೋದಾಗ ಬಂದವರೆಲ್ಲ ಸಮಾಧಾನ ಹೇಳಿದ್ದರು. ಹೇಳುವವರಿಗೇನು! ಅವಳು ವರ್ಷವರ್ಷವೂ ಆ ಅಂಗಿಯನ್ನು ಬಿಸಿಲಿಗೆ ಹಾಕಿ ಮತ್ತೆ ಮಡಚಿಡುತ್ತಲೇ ಬಂದಿದ್ದಳು. ಈಗ ಅಂಚಿನ ಹೊಲಿಗೆ ಬಿಚ್ಚಿದಳು. ಮಡಿಕೆಯೊಳಗಿನ ನೀಲಿ ನಿನ್ನೆ ಕೊಂಡು ತಂದಂತಿತ್ತು. ಕತ್ತರಿ ಹಿಡಿದೇ ಬದುಕಿದವಳಿಗೆ ಕೈ ಏಳಲಿಲ್ಲ. ಅಂಗಿಯನ್ನು ಒಮ್ಮೆ ಮುಖಕ್ಕೆ ಒತ್ತಿಕೊಂಡಳು. ಬರೀ ಟ್ರಂಕಿನ ವಾಸನೆ. ಆಮೇಲೆ ಕತ್ತರಿಸಿದಳು.

ತುಂಡುಗಳನ್ನೆಲ್ಲ ಜೋಡಿಸಿ ಹೊಲಿದು, ಬಣ್ಣದ ಹಂಡೆಯಲ್ಲಿ ಕುದಿಸಿದಾಗ ಖಾಕಿಯೂ ನೀಲಿಯೂ ಪರದೆಯೂ ಒಂದೇ ಕಾವಿಯಾದವು.

ದೀಕ್ಷೆಯ ದಿನ ತಲೆ ಬೋಳಿಸಿಕೊಂಡು ಬಂದ ಅವನಿಗೆ ಭಂತೇಜಿ ಚೀವರ ಹೊದಿಸಿದರು. ಮಡಿಕೆ ಸರಿಪಡಿಸುತ್ತಿದ್ದವರು ಎದೆಯ ಬಳಿ ಕೈ ನಿಲ್ಲಿಸಿ, “ಇಲ್ಲೊಂದು ಸಣ್ಣ ತೂತು ಉಳಿದಿದೆಯಲ್ಲ ತಾಯಿ,” ಎಂದರು.

ಗುಂಡಿ ಹಾಕುವ ಕಾಜ. ಮುಚ್ಚಲು ಮರೆತಳೋ ಮನಸ್ಸಾಗಲಿಲ್ಲವೋ, ಅವಳಿಗೇ ತಿಳಿಯದು. ಅವನು ಬೆರಳಿನಿಂದ ಸವರಿ ನೋಡಿದ. ದೊಡ್ಡವರ ಯಾವ ಅಂಗಿಗೂ ಅಷ್ಟು ಚಿಕ್ಕ ಕಾಜ ಇರುವುದಿಲ್ಲ.

“ಇದು… ಗುಬ್ಬಿದಾ?”

ಅವಳು ತಲೆಯಾಡಿಸಿದಳು. ಅಷ್ಟು ವರ್ಷ ಕಲ್ಲಾಗಿದ್ದ ಅವನ ಮುಖ ಕುಸಿಯಿತು. ಬೋಳುತಲೆಯ ಆ ಮುದುಕ ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತ. ಕಣ್ಣೊರೆಸಲು ಅವಳ ಕೈ ತಾನಾಗಿ ಮುಂದೆ ಹೋಯಿತು. ಇನ್ನು ಮುಟ್ಟುವಂತಿಲ್ಲ ಎಂಬುದು ನೆನಪಾಗಿ ಹಿಂದಕ್ಕೆ ಬಂತು. ಭಂತೇಜಿ ಅವಸರ ಮಾಡಲಿಲ್ಲ. ಅಳು ನಿಂತ ಮೇಲೆ ಕೇಳಿದರು, “ಹೊಲಿಗೆ ಹಾಕಿಸೋಣವಾ?”

ಅವನು ಅವಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

“ಇವತ್ತು ಬೇಡ ಭಂತೇ,” ಎಂದ.

ವಿಹಾರದಲ್ಲಿ ಹಿರಿತನ ವಯಸ್ಸಿನದಲ್ಲ, ಚೀವರ ಹೊದ್ದ ಕಾಲದ್ದು. ಭಿಕ್ಷುಗಳ ಸಾಲು ಹೊರಟಾಗ ಅವನು ಮೊಮ್ಮಕ್ಕಳ ವಯಸ್ಸಿನವರ ಹಿಂದೆ ಕೊನೆಯವನಾಗಿ ನಡೆದ. ತಿರುಗಿ ನೋಡಲಿಲ್ಲ. ಕಂಬದ ಪಕ್ಕ ನಿಂತ ಅವಳಿಗೆ ಮಾತ್ರ ಕಂಡಿತು: ಅವನ ಕಿರುಬೆರಳು ಆ ಕಾಜದೊಳಗೆ ಸಿಕ್ಕಿಕೊಂಡೇ ಇತ್ತು.