ಮೇಲಿನ ಮೆಟ್ಟಿಲಿನ ಫೋಟೋ

ಸಾಗರದ ಕೋರ್ಟಿನಲ್ಲಿ ಆ ಫೋಟೋ ಕೈಯಿಂದ ಕೈಗೆ ದಾಟುತ್ತಿದ್ದಾಗ, ಅದನ್ನು ತೆಗೆದ ಪರಿಶೀಲನಾಧಿಕಾರಿ ವೆಂಕಟ್ರಮಣ ಕಟಕಟೆಯ ಕಂಬಿ ಹಿಡಿದು ಗತ್ತಿನಲ್ಲಿ ನಿಂತಿದ್ದ. ಕುರ್ಚಿ ಕೊಟ್ಟರೂ ಬೇಡವೆಂದಿದ್ದ. ಕೂತರೆ ಏಳುವುದು ಕಷ್ಟ. ಡ್ಯೂಟಿಯ ಮೇಲೆ ಬೆನ್ನು ಹಿಡಿದುಕೊಂಡು ಎರಡು ತಿಂಗಳಾಗಿತ್ತು. ಅಂಥವರಿಗೆಂದೇ ಇರುವ ವಿಶೇಷ ರಜೆಗೆ ಅರ್ಜಿಯನ್ನೂ ಹಾಕಿದ್ದ. ತನಗೆ ಬರಬೇಕಾದ್ದನ್ನು ಬಿಡುವ ಆಸಾಮಿಯಲ್ಲ.

ಬೇರೆಯವರ ಅರ್ಜಿ ಬಂದರೆ ಮಾತ್ರ, ನಡೆಯಲಾಗದವರೆಲ್ಲ ಅವನ ಕಣ್ಣಿಗೆ ಓಟಗಾರರು. ಆನಂದಪುರದ ಹೂವಯ್ಯನ ಮೇಲೆ ನಾಟಾದ ದಿಮ್ಮಿ ಉರುಳಿ, ಎರಡೂ ಕಾಲುಗಳ ಸ್ವಾಧೀನ ತಪ್ಪಿ ನಾಲ್ಕು ವರ್ಷ. ಅವನನ್ನು ಎತ್ತಿ ಕೂರಿಸಲಿಕ್ಕೆಂದೇ ಹೆಂಡತಿ ವರದಮ್ಮ ಕೂಲಿ ಬಿಟ್ಟಿದ್ದಳು. ಅಂಗವಿಕಲರ ಮಾಸಾಶನ ಬಂದರಷ್ಟೇ ಆ ಮನೆಯಲ್ಲಿ ಒಲೆ ಉರಿಯಬೇಕು. ವೆಂಕಟ್ರಮಣ ‘ನಾಟಕ’ ಎಂದು ಷರಾ ಬರೆದು ಅರ್ಜಿ ತಿರಸ್ಕರಿಸಿದ. ಗಂಡ ಹೆಂಡತಿ ಕೋರ್ಟಿಗೆ ಮೇಲ್ಮನವಿ ಹಾಕಿದರು.

ನಾಟಕಕ್ಕೆ ಸಾಕ್ಷಿ ಎಲ್ಲಿ ಎಂದು ಕೋರ್ಟು ಕೇಳಿತು. ಗುರುವಾರ ಗುರುವಾರ ಇಬ್ಬರೂ ಆಟೋದಲ್ಲಿ ವರದಹಳ್ಳಿಯ ಗುಡ್ಡದ ಆಶ್ರಮಕ್ಕೆ ಹೋಗುತ್ತಾರೆಂದು ತಿಳಿದು ವೆಂಕಟ್ರಮಣ ಅಲ್ಲಿ ಹೊಂಚು ಹಾಕಿದ. ಮೂರು ವಾರ ಕಾದ. ವರದಮ್ಮ ಒಬ್ಬಳೇ ಮೆಟ್ಟಿಲು ಹತ್ತುವಳು; ಹೂವಯ್ಯ ಮಹಾಶಯ ಕೆಳಗೆ ಕೂತಲ್ಲಿಂದ ಅಲ್ಲಾಡಲಿಲ್ಲ. ನಾಲ್ಕನೆಯ ವಾರ ನೋಡಿ, ಹೂವಯ್ಯ ತೀರಾ ಮೇಲಿನ ಮೆಟ್ಟಿಲಿನಲ್ಲಿ ಕೈಮುಗಿದು ಕೂತಿದ್ದ. ವೆಂಕಟ್ರಮಣ ಏದುಸಿರು ಬಿಡುತ್ತಲೇ ಫೋಟೋ ಹೊಡೆದ.

“ಮೇಲೆ ಹೇಗೆ ಹೋದಿರಿ?” ನ್ಯಾಯಾಧೀಶರು ಹೂವಯ್ಯನನ್ನು ಕೇಳಿದರು.

“ಯಾರೋ ಪುಣ್ಯಾತ್ಮ್ರು ಹೊತ್ಕಂಡ್ ಹೋದ್ರು ಸ್ವಾಮಿ. ಮಾಸ್ಕ್ ಹಾಕಿದ್ರು, ಮುಖ ಕಾಣ್ಲಿಲ್ಲ. ದರ್ಶನ ಮಾಡಿಸ್ತೀನಿ ಬಾ ಅಂದ್ರು. ಇಳಿಸೋಕೆ ಮಾತ್ರ ಬರ್ಲಿಲ್ಲ, ಪಾಪ, ಎಂತ ಅರ್ಜೆಂಟಿತ್ತೋ. ಅವ್ರಿಗೆ ಒಳ್ಳೇದಾಗ್ಲಿ ಅಂತ ನಮ್ಮನೆಯವ್ಳು ದಿನಾ ದೀಪ ಹಚ್ತಾಳೆ.”

ವೆಂಕಟ್ರಮಣ ನಕ್ಕ. ನಕ್ಕಿದ್ದಕ್ಕೆ ಬೆನ್ನು ಚುಳ್ ಎಂದಿತು.

“ಕತೆ ಚೆನ್ನಾಗಿದೆ ಸ್ವಾಮಿ. ಅಂಥ ಪುಣ್ಯಾತ್ಮ ಇದ್ರೆ ಕರ್ಸ್ಲಿ. ಇಲ್ಲೇ ಬಂದು ಹೇಳ್ಲಿ.”

ಹೂವಯ್ಯನ ವಕೀಲೆ ಸುಚಿತ್ರಾ ನಿಧಾನವಾಗಿ ಎದ್ದರು. ಕೋರ್ಟಿನ ಮೂಲಕ ವೆಂಕಟ್ರಮಣನ ಕಚೇರಿಯಿಂದಲೇ ತರಿಸಿದ ಒಂದು ಹಾಳೆಯನ್ನು ಅವನ ಮುಂದೆ ಹಿಡಿದರು.

“ಇದು ನಿಮ್ಮ ರಜೆ ಅರ್ಜಿ. ಸಹಿ ನಿಮ್ದೇ ಅಲ್ವಾ ಸರ್?”

“ನಂದೇ. ನ್ಯಾಯವಾಗಿ ಬರೋ ರಜೆ. ಸುಳ್ಳು ಬರೆಯೋ ಅಭ್ಯಾಸ ನಂಗಿಲ್ಲ.”

“ಹಾಗಿದ್ರೆ ಪೆಟ್ಟು ಹೇಗಾಯ್ತು ಅಂತ ಬರೆದಿದ್ದೀರಲ್ಲ, ಆ ಸಾಲನ್ನು ಗಟ್ಟಿಯಾಗಿ ಓದಿ.”

ವೆಂಕಟ್ರಮಣ ಕನ್ನಡಕ ತಂದಿಲ್ಲವೆಂದ. ಕೊನೆಗೆ ಸುಚಿತ್ರಾ ಅವರೇ ಓದಿದರು:

“‘ಸಾಕ್ಷ್ಯ ಸಂಗ್ರಹದ ಸಲುವಾಗಿ, ನಡೆಯಲಾಗದ ಅರ್ಜಿದಾರ ಹೂವಯ್ಯನನ್ನು ಬೆನ್ನ ಮೇಲೆ ಹೊತ್ತು ವರದಹಳ್ಳಿಯ ಮೆಟ್ಟಿಲು ಹತ್ತಿದ್ದರಿಂದ.’”