ಒಣ ಗುಂಡು

ಆ ವರ್ಷ ದೊಡ್ಡಪ್ಪ ಗೆದ್ದದ್ದಲ್ಲ, ನಮ್ಮಪ್ಪ ಸೋತದ್ದು. ಇಲ್ಲಿ ನೈರೋಬಿಯ ಹೈರಿಡ್ಜ್‌ನಲ್ಲಿ, ಮಗಳ ಮನೆಯ ಕೆಲಸದಾಕೆ ಮೇಜಿಗೆ ಜೇನುಮೇಣ ತಿಕ್ಕಿದಾಗಲೆಲ್ಲ ನನಗೆ ಕೊಡಗಿನ ಆ ಮಧ್ಯಾಹ್ನದ ವಾಸನೆ ಬರುತ್ತದೆ.

ಅಂದು ಕೈಲ್ ಮುಹೂರ್ತ, ಕೊಡವರು ಕೋವಿ ಪೂಜಿಸುವ ಹಬ್ಬ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಮೊದಲು ಹೊಡೆದವರೇ ಗೆದ್ದಂತೆ. ಕಾಯಿಲೆಯಿಂದ ಎದ್ದಿದ್ದ ದೊಡ್ಡಪ್ಪನ ಕೈ ನಡುಗುತ್ತಿತ್ತು.

"ಈ ಸಲವೂ ತಪ್ಪಿದ್ರೆ ಇನ್ನು ಕೋವಿ ಮುಟ್ಟೋದಿಲ್ಲ ಕಣೋ," ಎಂದರು ಅಪ್ಪನಿಗೆ.

"ನೀವು ಕೋವಿ ಬಿಟ್ಟ ಹಾಗೇ! ಸುಮ್ನಿರಿ ಅಣ್ಣ."

ಮನೆಯಲ್ಲೇ ಎರಕ ಹೊಯ್ದ ಸೀಸದ ಗುಂಡುಗಳಿಗೆ ಅಪ್ಪ ಜೇನುಮೇಣ, ಹಂದಿಕೊಬ್ಬು ಕರಗಿಸಿ ಸವರುತ್ತಿದ್ದರು. ದೊಡ್ಡಪ್ಪನ ಗುಂಡು ಬೆರಳ ನಡುವೆ ಬೆಣ್ಣೆಯಂತೆ ಜಾರುತ್ತಿತ್ತು. ತಮ್ಮ ಗುಂಡನ್ನು ಮಾತ್ರ ಅಪ್ಪ ಏನೂ ಸವರದೆ ಒಣದಾಗಿಯೇ ಇಟ್ಟುಕೊಂಡರು.

"ಅಪ್ಪಾ, ಒಣ ಗುಂಡು ನಳಿಗೆಗೆ ಅಂಟಿ ಓರೆ ಹೋಗುತ್ತೆ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ. ಬಾಯಿ ಮುಚ್ಕೊಂಡು ಬಟ್ಟೆ ತಾ."

ಮೊದಲು ಅಪ್ಪ ಹೊಡೆದರು, ಎರಡು ಎಲೆ ಉದುರಿದವು. ಆಮೇಲೆ ದೊಡ್ಡಪ್ಪ ಹೊಡೆದರು, ಕಾಯಿ ಹೋಳಾಯಿತು. "ನಿಂಗೂ ವಯಸ್ಸಾಯ್ತಲ್ಲೋ!" ಎಂದು ನಗುತ್ತ ಅಪ್ಪನ ಬೆನ್ನಿಗೆ ಗುದ್ದಿದರು.

ಮರುದಿನ ಬೆಳಿಗ್ಗೆ, ದೊಡ್ಡಪ್ಪ ಕೋವಿಗಳನ್ನು ಒರೆಸಲು ಕೂರುವ ಮೊದಲೇ ನಾನು ಎದ್ದು, ಅಪ್ಪನ ಕೋವಿಯ ನಳಿಗೆಗೆ ಅಂಟಿದ್ದ ಸೀಸವನ್ನೆಲ್ಲ ಉಜ್ಜಿ ತೆಗೆದೆ.